ಹಳೆಯ ಕಂಪ್ಯೂಟರನ್ನು ಬದಲಿಸತಕ್ಕದ್ದೋ?

2025ನೆಯ ಇಸವಿಯ ಜೂನ್ ತಿಂಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಯ ಕಂಪ್ಯೂಟರು ಕೋಣೆಯ ನಿಮಿತ್ತವಾಗಿ ಮೂರು ಲಕ್ಷ ರೂಪಾಯಿಗಳನ್ನು ಕೂಡಿಸಿ ಕೊಟ್ಟ ಸಂಗತಿಯು ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ತಿಳಿದಿರುವದು. ಆ ಹಣದಿಂದ ಕೋಣೆಯಲ್ಲಿದ್ದ ಹದಿನಾರು ಯಂತ್ರಗಳನ್ನೂ ತೆಗೆದು ಹೊಸವುಗಳನ್ನು ಇಡುವೆವೆಂದು ಕೊಟ್ಟವರು ಎಣಿಸಿದ್ದರು. ನಿಜ ಹೇಳುವದಾದರೆ ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಶಾಲೆಗೆ ಬಂದ ಹೊಸ ಯಂತ್ರಗಳು ನಾಲ್ಕು ಮಾತ್ರ. ವಾರ್ಷಿಕೋತ್ಸವಕ್ಕೆ ಬಂದ ಕೆಲವರು ಕೋಣೆಯನ್ನು ಇಣಿಕಿ ನೋಡಿ, ಅದೇ ಹಳೆಯ ಪೆಟ್ಟಿಗೆಗಳು ಸಾಲಾಗಿ ಕೂತಿರುವದನ್ನು ಕಂಡು, ಬಾಯಿಬಿಟ್ಟು ಏನೂ ಅನ್ನದೆ ಹೋದರು. ಅನ್ನದೆ ಹೋದದ್ದೇ ನಮ್ಮ ಮನಸ್ಸಿಗೆ ಹೆಚ್ಚು ನಾಟಿತು. ಕೊಟ್ಟವರಿಗೆ ಲೆಕ್ಕ ಒಪ್ಪಿಸುವದು ತೆಗೆದುಕೊಂಡವರ ಧರ್ಮವಷ್ಟೆ; ಆದಕಾರಣ ಈ ಲೇಖನ.

ಇದನ್ನು ಬರೆಯಲಿಕ್ಕೆ ಇನ್ನೊಂದು ನಿಮಿತ್ತವೂ ಉಂಟು. ಅದೇ ಜೂನ್ ತಿಂಗಳಲ್ಲಿ, ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿರುವ ತಾಯಿಯೊಬ್ಬರು ಒಂದು ಲ್ಯಾಪ್‌ಟಾಪನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಕೋಣೆಗೆ ಬಂದರು. ಮಗಳು ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ.ಗೆ ಸೇರಿದ್ದಳು. ಲ್ಯಾಪ್‌ಟಾಪು ಮುಂಬಯಿಯಲ್ಲಿರುವ ಮೈದುನನು ತಾನು ಬಳಸಿ ಬಿಟ್ಟು ಕೊಟ್ಟದ್ದು. “ಟೀಚರ್, ಇದನ್ನು ಗುಜರಿಗೆ ಹಾಕಿ, ಹೊಸತು ತೆಗೆದುಕೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ನಲ್ವತ್ತೆಂಟು ಸಾವಿರ ಅಂತೆ. ಸೊಸೈಟಿಯಲ್ಲಿ ಬಳೆ ಇಟ್ಟರೆ ಆದೀತು. ಇಡಲಾ?” ಎಂದು ಕೇಳಿದರು. ಎರಡು ಬಳೆಗಳಿಗೆ ಸಂಬಂಧಪಟ್ಟ ಈ ಪ್ರಶ್ನೆಗೆ ನಮ್ಮಲ್ಲಿ ಆಗ ಸರಿಯಾದ ಉತ್ತರವಿರಲಿಲ್ಲ. “ಎರಡು ದಿನ ಇದನ್ನು ಇಲ್ಲಿ ಬಿಟ್ಟು ಹೋಗಿ ಅಮ್ಮಾ” ಎಂದು ಹೇಳಿ ಕಳುಹಿಸಿದೆವು. ಶಾಲೆಯ ಹದಿನಾರು ಯಂತ್ರಗಳ ವಿಚಾರವೂ ಈ ಒಂದು ಲ್ಯಾಪ್‌ಟಾಪಿನ ವಿಚಾರವೂ ಒಂದೇ ಆಗಿದ್ದವು. ಉತ್ತರವನ್ನು ಹುಡುಕಲಿಕ್ಕೆ ನಾವು ಕೊಂಚ ಹಿಂದಿನಿಂದ ಆರಂಭಿಸಬೇಕಾಯಿತು.

ಒಬ್ಬ ಮನುಷ್ಯನು ತನ್ನ ಮನೆಯ ಮೇಜಿನ ಮೇಲೆ ಇಟ್ಟುಕೊಳ್ಳಬಹುದಾದ ಕಂಪ್ಯೂಟರು ಹುಟ್ಟಿ ಐವತ್ತು ವರ್ಷಗಳಾದವು. 1975ನೆಯ ಇಸವಿಯ ಜನವರಿಯಲ್ಲಿ ಅಮೇರಿಕದ ಒಂದು ಮಾಸಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರವು ಬಂದಿತು. ಅದಕ್ಕೆ ಪರದೆಯಿರಲಿಲ್ಲ, ಅಕ್ಷರದ ಕೀಲಿಮಣೆಯೂ ಇರಲಿಲ್ಲ. ಮುಂಭಾಗದಲ್ಲಿ ಸಾಲು ಸಾಲು ಗುಂಡಿಗಳು, ಕೆಂಪು ದೀಪಗಳು, ಅಷ್ಟೇ. ಅದರ ಸ್ಮೃತಿಯಲ್ಲಿ 256 ಅಕ್ಷರಗಳು ಹಿಡಿಯುತ್ತಿದ್ದವು. ಅಂದರೆ ಒಂದು ಸಾಧಾರಣ ಅಂಚೆಕಾರ್ಡಿನ ಒಕ್ಕಣೆಗೂ ಸಾಲದಷ್ಟು. 1977ರಲ್ಲಿ ಆಪಲ್ ಟೂ ಮೊದಲಾದವು ಬಂದು ಕೀಲಿಮಣೆಯೂ ಪರದೆಯೂ ಕೂಡಿದವು. 1981ರ ಆಗಸ್ಟ್ 12ರಂದು ಐ.ಬಿ.ಎಂ. ಕಂಪೆನಿಯವರು ಪಿ.ಸಿ. ಎಂಬ ಯಂತ್ರವನ್ನು ಹೊರಡಿಸಿದರು. ಕೊಳ್ಳುವವನು ಹೆಚ್ಚಿನ ಹಣ ಕೊಡದಿದ್ದರೆ ಅದರಲ್ಲಿ 16 ಕಿಲೋಬೈಟು ಸ್ಮೃತಿ. ಬೆಲೆಯು ಪರದೆಯನ್ನು ಬಿಟ್ಟು 1,565 ಡಾಲರು. ಈಗಲೂ ನಾವು ಪಿ.ಸಿ. ಅನ್ನುವದು ಆ ಹೆಸರಿನಿಂದಲೇ. 1983ರಲ್ಲಿ ಅದೇ ಕಂಪೆನಿಯವರ ಎಕ್ಸ್.ಟಿ. ಎಂಬ ಯಂತ್ರದೊಳಗೆ 10 ಮೆಗಾಬೈಟಿನ ಹಾರ್ಡ್ ಡಿಸ್ಕು ಬಂದಿತು. ಅದನ್ನು ತುಂಬಿಸುವದು ಹೇಗೆಂದು ಆಗಿನವರು ಆಶ್ಚರ್ಯಪಟ್ಟರಂತೆ. ಇಂದು ನಮ್ಮ ಹುಡುಗಿಯರು ಮೊಬೈಲಿನಲ್ಲಿ ತೆಗೆಯುವ ಭಾವಚಿತ್ರಗಳು ಮೂರೋ ನಾಲ್ಕೋ ಬಂದರೆ ಅದು ತುಂಬಿಹೋಗುವದು.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರು ಮೊದಲು ವ್ಯವಸ್ಥಿತವಾಗಿ ಬಂದದ್ದು 1984ರಲ್ಲಿ. ಕೇಂದ್ರ ಸರಕಾರದವರು ಕ್ಲಾಸ್ ಎಂಬ ಯೋಜನೆಯ ಪ್ರಕಾರ ಸುಮಾರು 250 ಪ್ರೌಢಶಾಲೆಗಳನ್ನು ಆರಿಸಿ, ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರಗಳನ್ನು ಹಂಚಿದರು. ಅದರಲ್ಲಿ 32 ಕಿಲೋಬೈಟು ಸ್ಮೃತಿ. ನಮ್ಮ ಶಾಲೆಯು ಆ ಪಟ್ಟಿಯಲ್ಲಿ ಇರಲಿಲ್ಲ. ಕಂಪ್ಯೂಟರು ಎಂಬದನ್ನು ನಾವು ಮೊದಲು ಮುಟ್ಟಿದ್ದು ಶಿಕ್ಷಕಿಯರ ತರಬೇತಿಯ ಕಾಲದಲ್ಲಿ, ಚಪ್ಪಲಿಗಳನ್ನು ಹೊರಗೆ ಬಿಟ್ಟು, ತಣ್ಣಗೆ ಮಾಡಿದ ಒಂದು ಕೋಣೆಯಲ್ಲಿ. ದೇವರ ಕೋಣೆಯಲ್ಲಿಯೂ ಅಷ್ಟು ಮೌನವಿರಲಿಕ್ಕಿಲ್ಲ.

ಈಗ ಮುಖ್ಯ ಸಂಗತಿಗೆ ಬರುವೆವು. 1981ರ ಪಿ.ಸಿ.ಯ ಪ್ರೊಸೆಸರು, ಅಂದರೆ ಎಣಿಸುವ ಅಂಗವು, ಒಂದು ಸೆಕೆಂಡಿಗೆ ಸುಮಾರು 47 ಲಕ್ಷ 70 ಸಾವಿರ ಸಲ ಮಿಡಿಯುತ್ತಿತ್ತು. 1993ರಲ್ಲಿ ಬಂದ ಪೆಂಟಿಯಂ 6 ಕೋಟಿ ಸಲ ಮಿಡಿಯಿತು. 2000ನೆಯ ಇಸವಿಯಲ್ಲಿ ಈ ಸಂಖ್ಯೆಯು 100 ಕೋಟಿಯನ್ನೂ, 2002ರ ಕೊನೆಯಲ್ಲಿ 300 ಕೋಟಿಯನ್ನೂ ಮುಟ್ಟಿತು. ಇಪ್ಪತ್ತೊಂದು ವರ್ಷಗಳಲ್ಲಿ ಆರುನೂರು ಪಾಲಿಗಿಂತ ಹೆಚ್ಚು! ಆ ಕಾಲದಲ್ಲಿ ನಾಲ್ಕು ವರ್ಷದ ಹಿಂದಿನ ಯಂತ್ರವು ನಿಜವಾಗಿಯೇ ಮುದುಕನಾಗಿಬಿಡುತ್ತಿತ್ತು. ಹೊಸದನ್ನು ಕೊಂಡವರಿಗೆ ಎತ್ತಿನ ಗಾಡಿಯಿಂದಿಳಿದು ಮೋಟಾರು ಹತ್ತಿದಂತಾಗುತ್ತಿತ್ತು. ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವದೇ ಜಾಣತನವೆಂಬ ನಂಬಿಕೆಯು ಜನರ ಮನಸ್ಸಿನಲ್ಲಿ ಬೇರೂರಿದ್ದು ಆ ವರ್ಷಗಳಲ್ಲಿ.

ಆದರೆ 2004ರ ಸುಮಾರಿಗೆ ಈ ಓಟವು ನಿಂತಿತು. ಮಿಡಿತವು ಹೆಚ್ಚಿದಂತೆ ಕಾವೂ ಹೆಚ್ಚಿ, ಅಷ್ಟು ಸಣ್ಣ ಚೂರಿನಿಂದ ಅಷ್ಟು ಕಾವನ್ನು ಹೊರಗೆ ಹಾಕುವದು ಅಶಕ್ಯವಾಯಿತು. ತಯಾರಕರು ಉಪಾಯವಿಲ್ಲದೆ ಬೇರೆ ದಾರಿ ಹಿಡಿದು, 2005ರಿಂದ ಒಂದೇ ಚೂರಿನಲ್ಲಿ ಎರಡು, ಮುಂದೆ ನಾಲ್ಕು, ಎಂಟು ಪ್ರೊಸೆಸರುಗಳನ್ನು ಕೂಡಿಸತೊಡಗಿದರು. 2002ರಿಂದ ಈ ವರೆಗೆ ಮಿಡಿತದ ವೇಗವು ಹೆಚ್ಚಿದ್ದು ಆರುನೂರು ಪಾಲಲ್ಲ, ಸುಮಾರು ಎರಡು ಪಾಲು. ಒಂದು ಮಿಡಿತದಲ್ಲಿ ಮಾಡುವ ಕೆಲಸವು ಹೆಚ್ಚಿದೆ ಎಂಬದೂ ನಿಜವೇ. ಆದರೆ ಒಬ್ಬಳು ಹುಡುಗಿಯು ಪ್ರಬಂಧವನ್ನು ಬೆರಳಚ್ಚು ಮಾಡುವಾಗ ಎಂಟು ಪ್ರೊಸೆಸರುಗಳಲ್ಲಿ ಏಳು ಕೈಕಟ್ಟಿ ಕೂತಿರುವವು. ಮದುವೆಯ ಅಡಿಗೆಗೆ ಎಂಟು ಮಂದಿ ಬಾಣಸಿಗರು ಬೇಕು. ಒಂದು ಲೋಟ ಕಾಫಿಗೆ ಒಬ್ಬನು ಸಾಕು.

ಯಂತ್ರವನ್ನು ಬದಲಿಸಿದ್ದರಿಂದ ನಮಗೆ ನಿಜವಾದ ಲಾಭವಾದ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯವಾಗುವದು. ಕಂಪ್ಯೂಟರಿಗೆ ಮೊದಲು ಕನ್ನಡ ಬರುತ್ತಿರಲಿಲ್ಲ. 1998ರಲ್ಲಿ ಬರಹ, ಮುಂದೆ ಕನ್ನಡ ಗಣಕ ಪರಿಷತ್ತಿನವರ ನುಡಿ ಎಂಬ ತಂತ್ರಾಂಶಗಳು ಬಂದು ನಮ್ಮ ಪ್ರಶ್ನೆಪತ್ರಿಕೆಗಳು ಕೈಬರಹದಿಂದ ಅಚ್ಚಿಗೆ ಏರಿದವು. ಆದರೆ ಒಂದು ಯಂತ್ರದಲ್ಲಿ ಬರೆದ ಕನ್ನಡವು ಆ ಅಕ್ಷರಮಾಲೆಯಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳಾಗಿ ಕಾಣುತ್ತಿತ್ತು. ಲೋಕದ ಎಲ್ಲಾ ಲಿಪಿಗಳಿಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಅದನ್ನು ಸರಿಯಾಗಿ ತೋರಿಸುವ ಶಕ್ತಿಯು ವಿಂಡೋಸಿಗೆ ಬಂದದ್ದು 2001ರ ಎಕ್ಸ್.ಪಿ.ಯಲ್ಲಿ. ವಿಂಡೋಸ್ 98ರ ಯಂತ್ರವನ್ನು ಬಿಟ್ಟು ಎಕ್ಸ್.ಪಿ.ಗೆ ಹೋದವರು ತಮ್ಮ ಸ್ವಂತ ಭಾಷೆಯನ್ನು ಪಡೆದರು. ಅದು ಖರ್ಚಿಗೆ ತಕ್ಕ ಬದಲಾವಣೆ. ಅದರ ತರುವಾಯ ಬಂದ ಎಷ್ಟೋ ಬದಲಾವಣೆಗಳಲ್ಲಿ ಗುಂಡಿಗಳ ಆಕಾರ ಬದಲಾದದ್ದು ಬಿಟ್ಟರೆ ಬೇರೇನನ್ನೂ ನಾವು ಕಾಣಲಿಲ್ಲ.

ಹಾಗಾದರೆ ಹಳೆಯ ಯಂತ್ರವು ನಿಧಾನವಾಗುವದು ಯಾಕೆ? ಕಬ್ಬಿಣದಂತೆ ಅದಕ್ಕೆ ತುಕ್ಕು ಹಿಡಿಯುವದೋ ಎಂದು ಒಬ್ಬಳು ವಿದ್ಯಾರ್ಥಿನಿಯು ತರಗತಿಯಲ್ಲಿ ಕೇಳಿದಳು. ಪ್ರೊಸೆಸರು ತನ್ನ ಮೊದಲನೆಯ ದಿನ ಎಷ್ಟು ಎಣಿಸುತ್ತಿತ್ತೋ ಹತ್ತನೆಯ ವರ್ಷದಲ್ಲಿಯೂ ಅಷ್ಟೇ ಎಣಿಸುವದು. ಧೂಳು ತುಂಬಿ ಫ್ಯಾನು ತಿರುಗದೆ ಕಾವೇರಿದರೆ ಮಾತ್ರ ಅದು ತನ್ನನ್ನು ತಾನೇ ತಡೆದುಕೊಳ್ಳುವದು. ಬದಲಾಗಿರುವದು ಅದರ ಮೇಲೆ ಹೊರಿಸುವ ಹೊರೆ. 1995ರ ವಿಂಡೋಸಿಗೆ ಕನಿಷ್ಠ 4 ಮೆಗಾಬೈಟು ಸ್ಮೃತಿ ಸಾಕೆಂದರು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟು ಬೇಕೆಂದರು. ಇಪ್ಪತ್ತಾರು ವರ್ಷಗಳಲ್ಲಿ ಸಾವಿರ ಪಾಲು. ರಜಾ ಅರ್ಜಿಯು ಮಾತ್ರ ಆಗಲೂ ಹತ್ತು ಸಾಲು, ಈಗಲೂ ಹತ್ತು ಸಾಲು. ಯಂತ್ರಗಳು ಚುರುಕಾಗುವದಕ್ಕಿಂತಲೂ ಬೇಗ ತಂತ್ರಾಂಶಗಳು ಮಂದವಾಗುತ್ತಿವೆ ಎಂಬ ಆಕ್ಷೇಪವನ್ನು ಸ್ವಿಟ್ಸರ್ಲೆಂಡಿನ ಪಂಡಿತರಾದ ನಿಕ್ಲಾಸ್ ವಿರ್ತ್ ಎಂಬವರು 1995ರಲ್ಲಿಯೇ ಬರೆದು ಪ್ರಕಟಿಸಿದ್ದರು. ಅವರ ಮಾತನ್ನು ಯಾರೂ ಕೇಳಲಿಲ್ಲವೆಂಬದು ಸ್ಪಷ್ಟ.

ಇನ್ನು ಯಂತ್ರದ ಒಳಗಿನ ರಚನೆಯನ್ನು ನಮ್ಮ ವಸತಿಗೃಹದ ಅಡಿಗೆಮನೆಯ ದೃಷ್ಟಾಂತದಿಂದ ತಿಳಿಸುವೆವು. ಅಲ್ಲಿ ಉಂಡು ಬೆಳೆದ ಹಳೆಯ ವಿದ್ಯಾರ್ಥಿನಿಯರಿಗೆ ಅದು ಸುಲಭವಾಗಿ ಅರ್ಥವಾದೀತು. ಪ್ರೊಸೆಸರು ಎಂಬದು ಅಡಿಗೆಯವಳು. ರ‍್ಯಾಮ್ ಅನ್ನುವ ಸ್ಮೃತಿಯು ಅವಳ ಮುಂದಿನ ಕಟ್ಟೆ. ಆ ಹೊತ್ತಿಗೆ ಬೇಕಾದ ಸಾಮಾನುಗಳೆಲ್ಲ ಅದರ ಮೇಲೆ ಕೈಗೆಟಕುವಂತಿರಬೇಕು. ಹಾರ್ಡ್ ಡಿಸ್ಕು ಎಂಬದು ಅಂಗಳದ ಆಚೆಗಿರುವ ಉಗ್ರಾಣ. ಅಡಿಗೆಯವಳು ಎಷ್ಟೇ ಚುರುಕಾಗಿದ್ದರೂ ಕಟ್ಟೆಯು ಮೊಳದಷ್ಟೇ ಇದ್ದು, ಒಂದೊಂದು ಚಿಟಿಕೆ ಸಾಸಿವೆಗೂ ಉಗ್ರಾಣಕ್ಕೆ ಓಡಬೇಕಾದರೆ, ನೂರು ಮಂದಿಗೆ ಊಟ ಬಡಿಸುವಷ್ಟರಲ್ಲಿ ಸಂಜೆಯಾಗುವದು. ಆಗ ಅಡಿಗೆಯವಳನ್ನು ಬಿಡಿಸಿ ಹೊಸಬಳನ್ನು ಇಟ್ಟುಕೊಂಡರೆ ಪ್ರಯೋಜನವೇನು? ಉಗ್ರಾಣವನ್ನು ಹತ್ತಿರಕ್ಕೆ ತರಬೇಕು.

ಹಾರ್ಡ್ ಡಿಸ್ಕು ಎಷ್ಟು ದೂರವೆಂಬದನ್ನು ಲೆಕ್ಕ ಹಾಕಿ ನೋಡಬಹುದು. ಅದರೊಳಗೆ ಗ್ರಾಮಾಫೋನಿನ ತಟ್ಟೆಯ ಹಾಗೆ ತಿರುಗುವ ತಟ್ಟೆಗಳೂ, ಅವುಗಳ ಮೇಲೆ ಆಚೀಚೆ ಸರಿಯುವ ಒಂದು ಮುಳ್ಳೂ ಇರುವವು. ತಟ್ಟೆಯು ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವದು. ಬೇಕಾದ ಅಕ್ಷರಗಳು ಮುಳ್ಳಿನ ಕೆಳಗೆ ಬರಲಿಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಇದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು. ಮುಳ್ಳು ಸರಿದು ಸರಿಯಾದ ಜಾಗಕ್ಕೆ ಬರಲಿಕ್ಕೆ ಇನ್ನೂ ಎಂಟೊಂಬತ್ತು ಪಾಲು. ಹೀಗೆ ಒಂದು ಸೆಕೆಂಡಿಗೆ ಎಂಬತ್ತು ಸಲ ಮಾತ್ರ ಉಗ್ರಾಣಕ್ಕೆ ಹೋಗಿ ಬರಲು ಸಾಧ್ಯ. ಯಂತ್ರವನ್ನು ಚಾಲೂ ಮಾಡಿದಾಗ ವಿಂಡೋಸು ಸಾವಿರಾರು ಸಣ್ಣ ಸಣ್ಣ ಚೂರುಗಳನ್ನು ಬೇರೆ ಬೇರೆ ಸ್ಥಳಗಳಿಂದ ಹುಡುಕಿ ತರಬೇಕಾಗುವದರಿಂದ ನಾಲ್ಕು ನಿಮಿಷ ಹಿಡಿಯುವದರಲ್ಲಿ ಆಶ್ಚರ್ಯವಿಲ್ಲ. ಇದರ ಬದಲಾಗಿ ಈಗ ಎಸ್.ಎಸ್.ಡಿ. ಎಂಬದು ಬಂದಿದೆ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಪೆನ್ ಡ್ರೈವಿನಲ್ಲಿರುವ ಜಾತಿಯ ಚೂರುಗಳಲ್ಲಿಯೇ ಅಕ್ಷರಗಳು ನಿಲ್ಲುವವು. ಅದರಿಂದ ಒಂದು ಸಲ ತರಲಿಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕು. ನೂರು ಪಾಲಿಗೂ ಮೀರಿದ ಈ ಅಂತರವು ಕಳೆದ ಇಪ್ಪತ್ತು ವರ್ಷಗಳಲ್ಲಿ ಪಿ.ಸಿ.ಯೊಳಗೆ ಆದ ಬದಲಾವಣೆಗಳಲ್ಲೆಲ್ಲಾ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವದು.

ಬೀಡಿ ಕಟ್ಟುವ ಆ ತಾಯಿಯ ಲ್ಯಾಪ್‌ಟಾಪನ್ನು ನಮ್ಮ ಕಂಪ್ಯೂಟರು ಶಿಕ್ಷಕಿಯು ಬಿಚ್ಚಿ ನೋಡಿದಳು. 2018ರಲ್ಲಿ ಕೊಂಡದ್ದು, ಪ್ರೊಸೆಸರು ಚೆನ್ನಾಗಿಯೇ ಇತ್ತು. ಸ್ಮೃತಿ 4 ಗಿಗಾಬೈಟು, ಒಳಗೆ ತಿರುಗುವ ಡಿಸ್ಕು. 240 ಗಿಗಾಬೈಟಿನ ಒಂದು ಎಸ್.ಎಸ್.ಡಿ.ಯನ್ನೂ ಇನ್ನೊಂದು 4 ಗಿಗಾಬೈಟಿನ ಸ್ಮೃತಿಯ ಪಟ್ಟಿಯನ್ನೂ ಹಾಕಿಸಿದ್ದಕ್ಕೆ ಮೂರು ಸಾವಿರದ ಇನ್ನೂರು ರೂಪಾಯಿ ಬಿದ್ದಿತು. ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರವು ಇಪ್ಪತ್ತು ಸೆಕೆಂಡಿನೊಳಗೆ ಏಳತೊಡಗಿತು. ತಾಯಿಯು ಬಂದು ನೋಡಿ, “ಇದು ನಮ್ಮದೇಯಾ ಟೀಚರ್?” ಎಂದು ಎರಡು ಸಲ ಕೇಳಿದರು. ಬಳೆಗಳು ಕೈಯಲ್ಲಿಯೇ ಉಳಿದವು. ಅಂಗಡಿಯವರು ಸುಳ್ಳು ಹೇಳಿದರೆಂದು ನಾವು ಹೇಳುವದಿಲ್ಲ. ಯಂತ್ರವನ್ನು ಬಿಚ್ಚದೆ ಹೇಳಿದರು, ಅಷ್ಟೇ.

ಮನೆಯಲ್ಲಿ ಇಂಥ ಯಂತ್ರವಿರುವ ಪೋಷಕರು ಅಂಗಡಿಗೆ ಹೋಗುವ ಮುಂಚೆ ತಾವೇ ಒಂದು ಪರೀಕ್ಷೆಯನ್ನು ಮಾಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯು ತೆರೆಯುವದು. ಯಂತ್ರವು ತಡವರಿಸುವ ಹೊತ್ತಿನಲ್ಲಿ ಅದನ್ನು ನೋಡತಕ್ಕದ್ದು. ಡಿಸ್ಕಿನ ಕಂಬದಲ್ಲಿ ಶೇಕಡಾ ನೂರು ಕಾಣುತ್ತಾ ಪ್ರೊಸೆಸರಿನದು ಶೇಕಡಾ ಇಪ್ಪತ್ತರಲ್ಲಿಯೇ ಇದ್ದರೆ ಉಗ್ರಾಣವೇ ದೂರವಾದದ್ದೆಂದು ತಿಳಿಯಬೇಕು. ಸ್ಮೃತಿಯ ಕಂಬವು ಯಾವಾಗಲೂ ತೊಂಬತ್ತನ್ನು ಮೀರಿದ್ದರೆ ಕಟ್ಟೆ ಸಾಲದು. ಪ್ರೊಸೆಸರೇ ನೂರರಲ್ಲಿ ಏದುತ್ತಿದ್ದರೆ ಮಾತ್ರ ಅಡಿಗೆಯವಳ ಶಕ್ತಿ ಮುಗಿದಿದೆ. ಅಂಥ ಯಂತ್ರಕ್ಕೆ ಹಣ ಸುರಿಯಬಾರದು. ಸ್ಮೃತಿಯನ್ನು ಕೊಳ್ಳುವಾಗ ಡಿ.ಡಿ.ಆರ್. 3, 4, 5 ಎಂಬ ಜಾತಿಗಳು ಒಂದರ ಗೂಡಿನಲ್ಲಿ ಒಂದು ಕೂರುವದಿಲ್ಲವೆಂಬದನ್ನು ನೆನಪಿಡಬೇಕು. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ಬೆಸುಗೆ ಹಾಕಿಯೇ ಕೂರಿಸಿರುವದರಿಂದ ಮುಂದೆ ಹೆಚ್ಚಿಸಲಿಕ್ಕೆ ಅವಕಾಶವೇ ಇರುವದಿಲ್ಲ; ಹೊಸದನ್ನು ಕೊಳ್ಳುವವರು ಈ ಒಂದು ಪ್ರಶ್ನೆಯನ್ನು ಅಂಗಡಿಯಲ್ಲಿ ತಪ್ಪದೆ ಕೇಳಬೇಕು.

ಇನ್ನೊಂದು ಮೋಸ ಹೋಗುವ ಜಾಗವಿದೆ. “ನಮ್ಮದು ಐ5” ಎಂದು ಹೆಮ್ಮೆಯಿಂದ ಹೇಳುವವರನ್ನು ನಾವು ಕಂಡಿದ್ದೇವೆ. ಆ ಹೆಸರು 2009ರಿಂದ ಇತ್ತು. ಅದರ ಮುಂದೆ ಬರುವ ಅಂಕಿಯೇ ತಲೆಮಾರನ್ನು ತಿಳಿಸುವದು. ಐ5-2400 ಎಂಬದು ಎರಡನೆಯ ತಲೆಮಾರಿನ, 2011ರ ಪ್ರೊಸೆಸರು. ಐ3-8100 ಎಂಬದು ಎಂಟನೆಯ ತಲೆಮಾರಿನ, 2017ರ ಪ್ರೊಸೆಸರು. ಹೆಸರಿನಲ್ಲಿ ಕಿರಿದಾದ ಈ ಐ3, ಹಿರಿದಾದ ಆ ಐ5ಕ್ಕಿಂತ ಚುರುಕು. ಬಳಸಿದ ಯಂತ್ರಗಳನ್ನು ಮಾರುವವರು ಮೊದಲನೆಯ ಅಕ್ಷರವನ್ನು ದೊಡ್ಡದಾಗಿಯೂ ಅಂಕಿಯನ್ನು ಸಣ್ಣದಾಗಿಯೂ ಬರೆಯುವದುಂಟು.

ಇಷ್ಟೆಲ್ಲಾ ಹೇಳಿದ ಮೇಲೆ, ಹಳೆಯದನ್ನು ಎಂದಿಗೂ ಬಿಡಬಾರದೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ವೇಗಕ್ಕೆ ಸಂಬಂಧವಿಲ್ಲದ ಒಂದು ಕಾರಣದಿಂದ ಚೆನ್ನಾಗಿ ನಡೆಯುವ ಯಂತ್ರವೂ ಅಪಾಯಕ್ಕೆ ಒಳಗಾಗುವದು. ತಂತ್ರಾಂಶದಲ್ಲಿ ದಿನದಿನಕ್ಕೆ ಸಿಕ್ಕುವ ಬಿರುಕುಗಳನ್ನು ತಯಾರಕರು ಮುಚ್ಚುತ್ತಾ ಬರುವರು. ಮುಚ್ಚುವದನ್ನು ನಿಲ್ಲಿಸಿದ ದಿನದಿಂದ ಕಳ್ಳರಿಗೆ ದಾರಿಯಾಗುವದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಇಂಥ ಒಂದು ಬಿರುಕಿನಿಂದ ನುಗ್ಗಿ, ಅನೇಕ ದೇಶಗಳಲ್ಲಿ ಯಂತ್ರಗಳನ್ನು ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ಬಿರುಕಿಗೆ ತೇಪೆಯು ಎರಡು ತಿಂಗಳು ಮುಂಚೆಯೇ ಬಂದಿತ್ತು. ಹಾಕಿಕೊಳ್ಳದೆ ಇದ್ದವರೇ ಸಿಕ್ಕಿಬಿದ್ದರು. ಈಗ ವಿಂಡೋಸ್ 10ಕ್ಕೆ ಇಂಥ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹೆಸರು ನೋಂದಾಯಿಸಿದ ಮನೆಯ ಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರಿನ ವರೆಗೆ ಒಂದು ವರ್ಷದ ಗಡುವು ಸಿಕ್ಕಿತು. ವಿಂಡೋಸ್ 11 ಆದರೋ ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಅಂಗವನ್ನೂ, ಇಂಟೆಲ್ಲಿನದಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದರ ತರುವಾಯದ ಪ್ರೊಸೆಸರನ್ನೂ ಕೇಳುವದು. ಇದರಿಂದ ಕೈಕಾಲು ಗಟ್ಟಿಯಿರುವ ಲೆಕ್ಕವಿಲ್ಲದಷ್ಟು ಯಂತ್ರಗಳು ಒಂದೇ ದಿನದಲ್ಲಿ ಮುದುಕರ ಸಾಲಿಗೆ ಸೇರಿದವು. ಇದು ನ್ಯಾಯವೆಂದು ನಮಗೆ ತೋರಲಿಲ್ಲ. ಆದರೆ ನಮಗೆ ತೋರಿದ್ದರಿಂದ ಆಗುವದೇನು?

ಇನ್ನು ಶಾಲೆಯ ಲೆಕ್ಕ. ಹದಿನಾರು ಯಂತ್ರಗಳಲ್ಲಿ ಒಂಬತ್ತು 2019ರಲ್ಲಿ ಕೊಂಡವು. ಇವು ವಿಂಡೋಸ್ 11ಕ್ಕೆ ಅರ್ಹವಾಗಿದ್ದುದರಿಂದ ಎಸ್.ಎಸ್.ಡಿ.ಯನ್ನೂ ಸ್ಮೃತಿಯನ್ನೂ ಹಾಕಿಸಿದೆವು. ಒಂದೊಂದಕ್ಕೆ ನಾಲ್ಕು ಸಾವಿರ ರೂಪಾಯಿಗಳೊಳಗೇ ಮುಗಿಯಿತು. ಐದು ಯಂತ್ರಗಳು 2014ರವು. ಅವುಗಳಿಗೆ ಎಸ್.ಎಸ್.ಡಿ. ಮಾತ್ರ ಹಾಕಿಸಿ ಲಿನಕ್ಸ್ ಎಂಬ, ಹಣ ಕೊಡಬೇಕಾಗಿಲ್ಲದ ವ್ಯವಸ್ಥೆಯನ್ನು ಕೂರಿಸಿದೆವು. ಮೊದಲು ನಮಗೆ ಧೈರ್ಯ ಸಾಲಲಿಲ್ಲ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಮಕ್ಕಳು ಅದರಲ್ಲಿಯೇ ಕಲಿಯುತ್ತಿರುವರೆಂದು ಶಿಕ್ಷಕಿಯು ನೆನಪಿಸಿದ ಮೇಲೆ ಒಪ್ಪಿದೆವು. ಎಂಟನೆಯ ತರಗತಿಯ ಹುಡುಗಿಯರಿಗೆ ವ್ಯತ್ಯಾಸವೇ ತಿಳಿಯಲಿಲ್ಲ, ಗೊಣಗಿದವರು ಶಿಕ್ಷಕಿಯರು. ಉಳಿದ ಎರಡು 2008ರವು. ಅವುಗಳಲ್ಲಿ ಒಂದಕ್ಕೆ ನಾವು 2021ರಲ್ಲಿ ಒಬ್ಬರ ಮಾತು ಕೇಳಿ ಆರು ಸಾವಿರ ಖರ್ಚುಮಾಡಿ ಸ್ಮೃತಿಯನ್ನು ಹೆಚ್ಚಿಸಿದ್ದೆವು; ಒಳಗಿನ ವಿಂಡೋಸು 32 ಬಿಟ್ಟಿನದಾಗಿದ್ದು 4 ಗಿಗಾಬೈಟಿಗಿಂತ ಹೆಚ್ಚನ್ನು ಕಾಣಲಾರದೆಂಬದು ಆಮೇಲೆ ಗೊತ್ತಾಯಿತು. ಆ ಹಣವು ನೀರಿಗೆ ಹಾಕಿದಂತಾಯಿತು. ಆ ಎರಡನ್ನೂ ಡಿಸ್ಕು ತೆಗೆದು, ಗುಜರಿಯವನಿಗೆ ಕೊಡದೆ, ವಿದ್ಯುನ್ಮಾನ ಕಸವನ್ನು ತೆಗೆದುಕೊಳ್ಳಲು ನೋಂದಾಯಿತರಾದವರಿಗೆ ಒಪ್ಪಿಸಿದೆವು. ಅವುಗಳ ಹಳೆಯ ಗಾಜಿನ ಪರದೆಗಳಲ್ಲಿ ಸೀಸವಿರುವದರಿಂದ ಒಡೆದು ಮಣ್ಣಿಗೆ ಹಾಕುವದು ಸರಿಯಲ್ಲ.

ನಾಲ್ಕು ಹೊಸ ಯಂತ್ರಗಳನ್ನು ಯಾಕೆ ಕೊಂಡೆವೆಂದರೆ, ಅದಕ್ಕೆ ಕಾರಣಳಾದ ಹುಡುಗಿಯೊಬ್ಬಳಿದ್ದಾಳೆ. ನಮ್ಮಲ್ಲಿ ಓದಿ ವಾಸ್ತುಶಿಲ್ಪದ ಕಾಲೇಜಿಗೆ ಸೇರಿದ ಅವಳು 2022ರಲ್ಲಿ ಹೊಸ ಲ್ಯಾಪ್‌ಟಾಪು ಬೇಕೋ ಎಂದು ನಮ್ಮನ್ನು ಕೇಳಿದಾಗ, ಇದ್ದದ್ದರಲ್ಲಿಯೇ ನಡೆಸಿಕೋ ಎಂದು ಬುದ್ಧಿ ಹೇಳಿದೆವು. ಮೂರು ಆಯಾಮಗಳ ಚಿತ್ರ ರಚಿಸುವ ತಂತ್ರಾಂಶಕ್ಕೆ ಪ್ರತ್ಯೇಕ ಚಿತ್ರ-ಪ್ರೊಸೆಸರು ಬೇಕೆಂಬದು ನಮಗೆ ತಿಳಿದಿರಲಿಲ್ಲ. ಒಂದು ಸೆಮಿಸ್ಟರಿನುದ್ದಕ್ಕೂ ಅವಳು ರಾತ್ರಿ ಹೊತ್ತು ಗೆಳತಿಯರ ಯಂತ್ರ ಬಿಡುವಾಗುವದನ್ನು ಕಾದು ಕೆಲಸ ಮುಗಿಸಬೇಕಾಯಿತು. ನಮ್ಮ ಮಾತನ್ನು ನಂಬಿದ್ದಕ್ಕೆ ಅವಳಿಗಾದ ಕಷ್ಟವನ್ನು ನಾವು ಮರೆತಿಲ್ಲ. ಚಲಚ್ಚಿತ್ರ ಸಂಕಲನ, ವಾಸ್ತುಚಿತ್ರ ಮೊದಲಾದ ಕೆಲಸಗಳಲ್ಲಿ ಎಂಟು ಪ್ರೊಸೆಸರುಗಳೂ ನಿಜವಾಗಿ ದುಡಿಯುವವು. ಅಲ್ಲಿ ಹೊಸದಕ್ಕೆ ಬೆಲೆಯಿದೆ. ಹೊಸ ನಾಲ್ಕು ಯಂತ್ರಗಳು ಒಂಬತ್ತನೆಯ ಮತ್ತು ಹತ್ತನೆಯ ತರಗತಿಯವರ ಇಂಥ ಕೆಲಸಕ್ಕೆ ಮೀಸಲು.

2024ರಿಂದ ಅಂಗಡಿಗಳಲ್ಲಿ ಕೃತಕ ಬುದ್ಧಿಯ ಪಿ.ಸಿ. ಎಂಬ ಹೊಸ ಚೀಟಿಯನ್ನು ಅಂಟಿಸಿ ಮಾರುತ್ತಿರುವರು. ಕೃತಕ ಬುದ್ಧಿಯ ಲೆಕ್ಕಗಳನ್ನು ಯಂತ್ರದೊಳಗೇ ಮಾಡುವ ಒಂದು ಪ್ರತ್ಯೇಕ ಅಂಗವು ಅದರಲ್ಲಿದೆ. ನಮ್ಮ ಹುಡುಗಿಯರು ಇಂದು ಬಳಸುವ ಅಂಥ ಸೇವೆಗಳಲ್ಲಿ ಹೆಚ್ಚಿನವು ದೂರದ ದೊಡ್ಡ ಯಂತ್ರಗಳಲ್ಲಿ ನಡೆದು ಅಂತರ್ಜಾಲದ ಮೂಲಕ ಬರುವದರಿಂದ, ಆ ಚೀಟಿಗೋಸ್ಕರ ಹೆಚ್ಚಿನ ಹಣ ಕೊಡುವದು ಸದ್ಯಕ್ಕೆ ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಆ ದೂರದ ಯಂತ್ರಗಳಿಂದಲೇ ಬೇರೊಂದು ತೊಂದರೆಯು ಬಂದಿತು. ಅವುಗಳಿಗೆ ಸ್ಮೃತಿಯ ಚೂರುಗಳು ರಾಶಿರಾಶಿಯಾಗಿ ಬೇಕಾದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅವುಗಳ ಬೆಲೆಯು ವಿಪರೀತವಾಗಿ ಏರಿತು. ನಾವು ಜುಲೈಯಲ್ಲಿ ಕೊಂಡೆವು. ಇದು ನಮ್ಮ ಜಾಣತನವಲ್ಲ, ಅದೃಷ್ಟ. ಈಗ ಸ್ಮೃತಿ ಹಾಕಿಸಬೇಕೆಂದಿರುವವರು ಆ ದಿನದ ಬೆಲೆಯನ್ನು ಕೇಳಿಯೇ ಲೆಕ್ಕ ಹಾಕಬೇಕು. ನಾವು ಮೇಲೆ ಬರೆದ ರೂಪಾಯಿಗಳು ಆ ಜುಲೈ ತಿಂಗಳಿನವು.

ಹೊಸ ಯಂತ್ರಗಳಿಗೆ 1,68,000, ಹಳೆಯವುಗಳ ರಿಪೇರಿಗೆ 45,500, ಸಿಡಿಲಿನಿಂದ ರಕ್ಷಣೆಗೂ ಯು.ಪಿ.ಎಸ್. ಬ್ಯಾಟರಿಗಳಿಗೂ 38,000 ರೂಪಾಯಿಗಳು ಖರ್ಚಾದವು. ನಮ್ಮ ಕರಾವಳಿಯಲ್ಲಿ ಮುಪ್ಪಿನಿಂದ ಸಾಯುವ ಯಂತ್ರಗಳಿಗಿಂತ ಮೇ ತಿಂಗಳ ಸಿಡಿಲಿಗೆ ಸಾಯುವವು ಹೆಚ್ಚೋ ಏನೋ. ಉಳಿದ 48,500 ರೂಪಾಯಿಗಳು ಬ್ಯಾಂಕಿನಲ್ಲಿವೆ. ರಶೀದಿಗಳನ್ನು ಯಾರು ಬಂದರೂ ತೋರಿಸುವೆವು.

ಒಂದು ತಪ್ಪನ್ನು ಒಪ್ಪಿಕೊಳ್ಳುವದು ಬಾಕಿಯಿದೆ. ಕೋಣೆಯ ಯಂತ್ರಗಳ ಬಗ್ಗೆ ಇಷ್ಟು ವಿಚಾರ ಮಾಡಿದ ನಾವು ನಮ್ಮ ಕಛೇರಿಯ ಯಂತ್ರವನ್ನು ಅಲಕ್ಷಿಸಿದೆವು. ಅದರ ಡಿಸ್ಕಿನಿಂದ ಕೆಲವು ವಾರಗಳಿಂದ ಟಿಕ್ ಟಿಕ್ ಎಂಬ ಶಬ್ದವು ಬರುತ್ತಿತ್ತು. ಮುಳ್ಳು ಜಾಗ ಸಿಕ್ಕದೆ ತಡಕಾಡುವ ಶಬ್ದವದು. ಪರೀಕ್ಷೆಗಳು ಮುಗಿಯಲಿ ಎಂದು ಮುಂದೂಡಿದೆವು. 2025ರ ಮಾರ್ಚಿಯ ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಅಂಕಪಟ್ಟಿಗಳ ಇನ್ನೊಂದು ಪ್ರತಿಯು ಬೇರೆ ಕಡೆ ಇತ್ತು. ಆದರೆ 2018ರಲ್ಲಿ ಹಳೆಯ ವಿದ್ಯಾರ್ಥಿನಿಯರು ತಮ್ಮ ತಾಯಂದಿರ, ಅಜ್ಜಿಯರ ಪೆಟ್ಟಿಗೆಗಳಿಂದ ಹುಡುಕಿ ತಂದು ಕೊಟ್ಟಿದ್ದ, ನಾವು ಸ್ಕ್ಯಾನ್ ಮಾಡಿ ಮೂಲಗಳನ್ನು ಹಿಂದೆ ಕೊಟ್ಟಿದ್ದ, ಶಾಲೆಯ ಮುನ್ನೂರಕ್ಕಿಂತ ಹೆಚ್ಚು ಹಳೆಯ ಭಾವಚಿತ್ರಗಳು ಆ ಒಂದೇ ಡಿಸ್ಕಿನಲ್ಲಿದ್ದವು. ಬೆಂಗಳೂರಿಗೆ ಕಳುಹಿಸಿ ನೋಡಿದೆವು. ಮೂವತ್ತೊಂದು ಚಿತ್ರಗಳು ಮಾತ್ರ ಹಿಂದೆ ಬಂದವು. ಮೂರು ಸಾವಿರ ರೂಪಾಯಿಗಳ ಹೊಸ ಡಿಸ್ಕನ್ನು ಒಂದು ತಿಂಗಳು ಮುಂಚೆ ತಂದಿದ್ದರೆ ಈ ಮಾತನ್ನು ಬರೆಯುವ ಅವಶ್ಯಕತೆಯೇ ಇರುತ್ತಿರಲಿಲ್ಲ.

ಆದಕಾರಣ ಆ ಭಾವಚಿತ್ರಗಳ ಮೂಲಗಳು ಯಾರ ಯಾರ ಮನೆಯಲ್ಲಿ ಇನ್ನೂ ಇವೆಯೋ ಅವರು ದಯವಿಟ್ಟು ಮತ್ತೊಂದು ಸಲ ಶಾಲೆಗೆ ತರಬೇಕಾಗಿ ಕೇಳಿಕೊಳ್ಳುತ್ತೇವೆ. ಶನಿವಾರಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರ ವರೆಗೆ ನಮ್ಮ ಕಂಪ್ಯೂಟರು ಶಿಕ್ಷಕಿಯು ಕೋಣೆಯಲ್ಲಿರುವಳು. ತಂದವರ ಎದುರಿಗೇ ಪ್ರತಿ ಮಾಡಿ ಮೂಲವನ್ನು ಆಗಲೇ ಕೈಗೆ ಕೊಡುವಳು. ಈ ಸಲ ಪ್ರತಿಗಳು ಮೂರು: ಒಂದು ಕಛೇರಿಯ ಹೊಸ ಡಿಸ್ಕಿನಲ್ಲಿ, ಒಂದು ಬೀರುವಿನಲ್ಲಿರುವ ಬಿಡಿ ಡಿಸ್ಕಿನಲ್ಲಿ, ಒಂದು ಊರಿನಿಂದ ಹೊರಗೆ. ಮನೆಯ ಹಳೆಯ ಲ್ಯಾಪ್‌ಟಾಪನ್ನು ತೋರಿಸಿ ಸಲಹೆ ಕೇಳಬೇಕೆಂದಿರುವ ತಾಯಂದಿರೂ ಅದೇ ಹೊತ್ತಿಗೆ ಬರಬಹುದು. ಚಾರ್ಜರನ್ನು ಮರೆಯದೆ ತರಬೇಕು.